ಪಖಾಲಿ ಮದಾರಸಾಬಿಯ ಕುರ್ಚಿ

ಬಹಳ ಹಿಂದೆ, ನಮ್ಮ ಬೆಂಗಳೂರು ಎರಡು ಊರಾಗಿದ್ದ ಕಾಲದಲ್ಲಿ, ಮದಾರಸಾಬಿ ಅಂತ ಒಬ್ಬನಿದ್ದನಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ನನಗೆ ನನ್ನಜ್ಜಿ ಹೇಳಿದ್ದು, ಅವಳಿಗೆ ಅವಳಜ್ಜಿ ಹೇಳಿದ್ದು. ಬ್ಯಾಂಡಿನವರು ಇನ್ನೂ ಕಾಫಿ ಕುಡೀತಾ ಇದ್ದಾರೆ, ಗಂಡಿನ ಕಡೆಯವರು ಬರೋದು ತಡ. ಅಷ್ಟರಲ್ಲಿ ಹೇಳಿ ಮುಗಿಸ್ತೀನಿ, ಹತ್ತಿರ ಬನ್ನಿ.

ಈಚೆಗೆ ಪೇಟೆ, ಆಚೆಗೆ ದಂಡು. ಪೇಟೆ ನಮ್ಮ ಜನದ್ದು, ದಂಡು ಬಿಳಿ ದೊರೆಗಳದ್ದು. ದಂಡಿನಲ್ಲಿ ಸಂಜೆಯಾದರೆ ಸಾಕು, ಏನಾದರೊಂದು ಸಂಭ್ರಮ. ಒಂದು ದಿನ ಕುದುರೆ ಜೂಜು, ಒಂದು ದಿನ ಹೂವಿನ ಪ್ರದರ್ಶನ, ಇನ್ನೊಂದು ದಿನ ಗಂಡಸರೂ ಹೆಂಗಸರೂ ವೇಷ ಕಟ್ಟಿಕೊಂಡು ಕುಣಿಯೋದು. ಒಮ್ಮೆ ಒಬ್ಬ ಬಲೂನು ಹತ್ತಿ ಮೋಡದವರೆಗೆ ಹೋಗಿ ಬಂದನಂತೆ. ಬರುವಾಗ ಮೋಡದ ಒಂದು ತುಂಡು ಹರಿದು ತಂದ ಅಂತಲೂ ಹೇಳ್ತಾರೆ, ಅದನ್ನು ನಾನು ನಂಬೋದಿಲ್ಲ. ಶನಿವಾರ ಬಂತೆಂದರೆ ಮೈದಾನದಲ್ಲಿ ಬ್ಯಾಂಡು. ಸುತ್ತ ಹಗ್ಗ ಕಟ್ಟುತ್ತಿದ್ದರು. ಹಗ್ಗದೊಳಗೆ ಕುರ್ಚಿ ಹಾಕಿಕೊಂಡು ದೊರೆಗಳು, ದೊರೆಸಾನಿಯರು. ಹಗ್ಗದ ಹೊರಗೆ, ದೂರದಲ್ಲಿ ನಿಂತುಕೊಂಡು, ನಮ್ಮವರು.

ಈ ಸಂಭ್ರಮಕ್ಕೆಲ್ಲ ಇದ್ದ ಶತ್ರು ಅಂದರೆ ಧೂಳು. ನಮ್ಮ ಕೆಂಪು ಮಣ್ಣು ನಿಮಗೆ ಗೊತ್ತಲ್ಲ. ದೊರೆಸಾನಿಯರ ಲಂಗವೋ ನೆಲ ಗುಡಿಸುವಷ್ಟು ಉದ್ದ. ಅದಕ್ಕೇ ಜನ ಬರುವ ಮೊದಲು ಮೈದಾನಕ್ಕೆಲ್ಲ ನೀರು ಚಿಮುಕಿಸಬೇಕು. ಆ ಕೆಲಸ ಮದಾರಸಾಬಿಯದು. ಅವನು ಪಖಾಲಿ. ಮೋತಿ ಅನ್ನೋ ಎತ್ತಿನ ಬೆನ್ನ ಮೇಲೆ ದೊಡ್ಡ ತೊಗಲ ಚೀಲ ಹೇರಿ ಬಾವಿಯಿಂದ ನೀರು ಹೊರುತ್ತಿದ್ದ. ಅವನು ನೀರು ಚಿಮುಕಿಸಿದ ನೆಲದಲ್ಲಿ ಧೂಳೂ ಏಳುತ್ತಿರಲಿಲ್ಲವಂತೆ, ಕೆಸರೂ ಆಗುತ್ತಿರಲಿಲ್ಲವಂತೆ.

ನಡುವೆ ನೆಲ ಒಣಗಿದರೆ ಮತ್ತೆ ಬೇಕಾದೀತು ಅಂತ ಅವನನ್ನು ಹಗ್ಗದೊಳಗೇ ಇರಲು ಬಿಡುತ್ತಿದ್ದರು. ನಮ್ಮವರಲ್ಲಿ ಆ ಭಾಗ್ಯ ಅವನೊಬ್ಬನಿಗೇ. ವಾದ್ಯಗಾರರ ಕಟ್ಟೆಯ ಹಿಂದೆ ಮೋತಿಯನ್ನು ಹಿಡಿದುಕೊಂಡು ನಿಂತಿರುತ್ತಿದ್ದ. ನಿಂತೂ ನಿಂತೂ ಆ ಸಂಗೀತದ ಹುಚ್ಚು ಹಿಡಿಯಿತು. ಆ ಹಾಡುಗಳ ಇಂಗ್ಲಿಷಿನ ಹೆಸರು ಅವನಿಗೆಲ್ಲಿ ಬರಬೇಕು? ತಾನೇ ಹೆಸರಿಟ್ಟುಕೊಂಡ. ಒಂದು ಕುದುರೆ ಹಾಡು, ಒಂದು ಜಗಳದ ಹಾಡು. ನಿಧಾನವಾಗಿ ನುಡಿಸುವ ಒಂದಕ್ಕೆ ಅಮ್ಮನ ಹಾಡು ಅಂದ. ಅದನ್ನು ಕೇಳಿದರೆ ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತಂತೆ. ಮನೆಯಲ್ಲಿ ಹೆಂಡತಿ ಜೈತುನ್‌ಬಿ ರೇಗಿಸುತ್ತಿದ್ದಳಂತೆ, ನಾನು ಗಂಟಲು ಹರಿದುಕೊಂಡರೂ ಕೇಳಿಸದ ಕಿವಿಗೆ ಆ ತುತ್ತೂರಿ ಮಾತ್ರ ಚೆನ್ನಾಗಿ ಕೇಳಿಸುತ್ತೆ ಅಂತ.

ಬ್ಯಾಂಡಿಗೆ ಒಬ್ಬ ಮುದುಕ ದೊರೆ ಯಜಮಾನ. ಕೈಯಲ್ಲಿ ಸಣ್ಣ ಕೋಲು ಹಿಡಿದು ಬೀಸುತ್ತಿದ್ದನಲ್ಲ, ಅದಕ್ಕೆ ನಮ್ಮವರು ಅವನನ್ನು ಕೋಲು ದೊರೆ ಅನ್ನುತ್ತಿದ್ದರು. ಅಮ್ಮನ ಹಾಡಿಗೆ ಪಖಾಲಿ ಅಳೋದನ್ನು ಕೋಲು ದೊರೆ ನೋಡಿದ. ಒಂದು ಸಲ ನೋಡಿದ, ಇನ್ನೊಂದು ಸಲ ನೋಡಿದ. ಕೊನೆಗೆ ಕರೆದು, ಬರೋ ನಮ್ಮ ಇಂಗ್ಲೆಂಡಿನ ರಾಣಿ ಹಬ್ಬದ ದಿನ ನಿನಗೆ ಕಟ್ಟೆಯ ಪಕ್ಕ ಕುರ್ಚಿ ಹಾಕಿಸ್ತೀನಿ, ಕೂತು ಕೇಳು ಅಂದನಂತೆ.

ಕುರ್ಚಿ! ಪೇಟೆಯ ದೊಡ್ಡ ದೊಡ್ಡ ಶೆಟ್ಟರೇ ಹಗ್ಗದಾಚೆ ತುದಿಗಾಲಲ್ಲಿ ನಿಂತು ಇಣುಕುತ್ತಿದ್ದ ಕಾಲ. ಜೈತುನ್‌ಬಿ ಮೊದಲು ನಕ್ಕಳು. ಆಮೇಲೆ ಅವನ ಬಿಳೀ ಅಂಗಿ ಒಗೆದು, ಮಡಿಸಿ, ಹಾಸಿಗೆಯ ಕೆಳಗೆ ಇಟ್ಟಳು. ಕುರ್ಚಿಯಲ್ಲಿ ಹೇಗೆ ಕೂರಬೇಕು, ಕೈ ಎಲ್ಲಿಡಬೇಕು ಅಂತ ಅವನು ಒರಳುಕಲ್ಲಿನ ಮೇಲೆ ಕೂತು ಅಭ್ಯಾಸ ಮಾಡಿದನಂತೆ. ನಗಬೇಡಿ, ನೀವೂ ಮಾಡುತ್ತಿದ್ದಿರಿ.

ಹಬ್ಬ ಬರುವ ಮೊದಲು ಬರ ಬಂತು. ಎಂಥ ಬರ ಅಂತೀರಿ! ಕೆರೆಗಳು ಬಿರುಕು ಬಿಟ್ಟವು. ಸುತ್ತಲ ಸೀಮೆಯ ಜನ ಮಕ್ಕಳನ್ನು ಹೆಗಲಿಗೇರಿಸಿಕೊಂಡು ನಡೆದು ಬಂದು ಮೈದಾನದ ಅಂಚಿನಲ್ಲಿ ಬಿದ್ದುಕೊಂಡರು. ದಂಡಿನ ಆಳದ ಬಾವಿಯಲ್ಲಿ ಮಾತ್ರ ನೀರಿತ್ತು, ಅದಕ್ಕೆ ಕಾವಲೂ ಇತ್ತು. ರಾಣಿ ಹಬ್ಬ ನಿಲ್ಲಲಿಲ್ಲ. ಕಮಾನು ಕಟ್ಟಿದರು, ದೀಪ ತೂಗಿಬಿಟ್ಟರು, ಬಲೂನಿನವನನ್ನೂ ಕರೆಸಿದರು. ಮೈದಾನಕ್ಕೆ ಎಂದಿಗಿಂತ ಹೆಚ್ಚು ನೀರು ಹಾಕಬೇಕು ಅಂತ ಮದಾರಸಾಬಿಗೆ ಅಪ್ಪಣೆಯಾಯಿತು.

ಹಬ್ಬದ ಮಧ್ಯಾಹ್ನ ಅವನು ಬಿಳೀ ಅಂಗಿ ತೊಟ್ಟುಕೊಂಡೇ ಬಂದ. ಕಟ್ಟೆಯ ಪಕ್ಕ ಕುರ್ಚಿ ಬಂದಿತ್ತು, ಮೇಲೊಂದು ಬಿಳೀ ಬಟ್ಟೆ ಹೊದಿಸಿದ್ದರು. ಅದನ್ನು ಕಣ್ತುಂಬ ನೋಡಿ ಕೆಲಸ ಶುರು ಮಾಡಿದ. ಹಗ್ಗದ ಹತ್ತಿರ ನೀರು ಚಿಮುಕಿಸಿ ಮುಂದೆ ಹೋದವನು ಯಾಕೋ ಹಿಂತಿರುಗಿದ. ಹೊರಗಿದ್ದ ಒಬ್ಬ ಹೆಂಗಸು ಹಗ್ಗದಡಿ ಕೈ ಚಾಚಿ, ಸೆರಗಿನ ತುದಿಯನ್ನು ಆ ಒದ್ದೆ ಮಣ್ಣಿಗೆ ಒತ್ತುತ್ತಿದ್ದಳು. ಒತ್ತಿ, ತೆಗೆದು, ಮಗುವಿನ ಬಾಯಿಗೆ ಹಿಂಡುತ್ತಿದ್ದಳು. ಅವಳ ಪಕ್ಕದವಳೂ ಹಾಗೇ ಮಾಡುತ್ತಿದ್ದಳು. ಅವಳ ಪಕ್ಕದವಳೂ.

ಮದಾರಸಾಬಿ ಅಲ್ಲೇ ನಿಂತ. ಹೆಂಗಸಿನ ಕಡೆ ನೋಡಿದ, ಕುರ್ಚಿಯ ಕಡೆ ನೋಡಿದ. ಬಹಳ ಹೊತ್ತು ನಿಂತ ಅಂತಾರೆ. ಯಾಕೆ ನಿಲ್ಲಬಾರದು? ಜೀವಮಾನದಲ್ಲಿ ಅವನು ಬೇಕು ಅಂತ ಆಸೆಪಟ್ಟದ್ದು ಅದೊಂದೇ. ತಕ್ಷಣ ಓಡಿದ ಅಂತ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ, ಅವರಿಗೆ ಆ ಕುರ್ಚಿಯ ಬೆಲೆ ಗೊತ್ತಿಲ್ಲ.

ಆಮೇಲೆ ಮೋತಿಯನ್ನು ಹಗ್ಗದ ಕಡೆ ತಿರುಗಿಸಿದ. ಚೀಲದ ಬಾಯಿ ಸಡಿಲಿಸಿ, ಮೊದಲು ಮಕ್ಕಳು, ಮೊದಲು ಮಕ್ಕಳು ಅಂದ. ಚೀಲ ಬರಿದಾಯಿತು, ಬಾವಿಗೆ ಹೋದ, ತುಂಬಿಸಿ ತಂದ. ಮತ್ತೆ ಬರಿದಾಯಿತು, ಮತ್ತೆ ತಂದ. ಮೈದಾನಕ್ಕಲ್ಲವೇ ಅಂತ ಕಾವಲಿನವರು ಬಿಟ್ಟರು. ಹೊತ್ತಿಳಿಯುವವರೆಗೂ ಹೊತ್ತ. ಮೈದಾನಕ್ಕೆ ಮತ್ತೆ ಒಂದು ಹನಿಯೂ ಬೀಳಲಿಲ್ಲ.

ಸಂಜೆ ಸಾರೋಟುಗಳು ಬಂದವು, ಕುದುರೆಗಳು ಬಂದವು, ಲಂಗಗಳು ಬಂದವು. ಎದ್ದಿತು ನೋಡಿ ಧೂಳು! ರಾಣಿಯ ಕಮಾನು ಕಾಣಲಿಲ್ಲವಂತೆ, ಬಲೂನು ಕಾಣಲಿಲ್ಲವಂತೆ. ಬಿಳೀ ದೊರೆಸಾನಿಯರೆಲ್ಲ ಕೆಂಪು ದೊರೆಸಾನಿಯರಾದರಂತೆ. ತುತ್ತೂರಿ ಊದಿದರೆ ಹಾಡಿನ ಬದಲು ಮಣ್ಣು ಬಂತಂತೆ. ಮೈದಾನ ನೋಡಿಕೊಳ್ಳುವ ಸಾಹೇಬ ಕೆಮ್ಮುತ್ತಾ ಬಂದು, ನೀರೆಲ್ಲಿ ಹಾಕಿದೆ ಅಂತ ಕೂಗಿದ. ಮದಾರಸಾಬಿ ಸುಳ್ಳು ಹೇಳಲಿಲ್ಲ.

"ಬಾಯಾರಿದೋರಿಗೆ ಕೊಟ್ಟೆ ಹುಜೂರ್" ಅಂದ.

ಅಷ್ಟೇ. ಅಲ್ಲೇ ಕೆಲಸ ಹೋಯಿತು. ಇನ್ನು ಮೇಲೆ ಹಗ್ಗದೊಳಗೆ ಕಾಲಿಟ್ಟರೆ ಜೈಲು ಅಂದರು. ಕೋಲು ದೊರೆ ಅಲ್ಲೇ ನಿಂತಿದ್ದ, ತುಟಿ ಬಿಚ್ಚಲಿಲ್ಲ. ಆ ದಿನ ಒಂದು ಮಾತಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆ ರಾತ್ರಿ ಮದಾರಸಾಬಿ ಅನ್ನ ಹೋಯಿತು ಅಂತ ಅಳಲಿಲ್ಲವಂತೆ. ಅಮ್ಮನ ಹಾಡು ಹೋಯಿತು ಅಂತ ಅತ್ತನಂತೆ. ಜೈತುನ್‌ಬಿ ಆ ದಿನ ರೇಗಿಸಲಿಲ್ಲ. ಅಂಗಿಯನ್ನು ಮತ್ತೆ ಒಗೆದು ಮಡಿಸಿಟ್ಟಳು.

ಮುಂದಿನ ಶನಿವಾರ ಅವನು ಎಲ್ಲರ ಜೊತೆ ಹಗ್ಗದಾಚೆ ಬಂದು ನಿಂತ. ಅಷ್ಟು ದೂರಕ್ಕೆ ದೊಡ್ಡ ನಗಾರಿಯ ಸದ್ದು ಬಿಟ್ಟರೆ ಬೇರೇನೂ ಸರಿಯಾಗಿ ಕೇಳದು. ಆದರೆ ಕಣ್ಣಿಗೆ ಒಂದು ಕಂಡಿತು. ಕಟ್ಟೆಯ ಪಕ್ಕ ಆ ಕುರ್ಚಿ ಹಾಗೇ ಇತ್ತು, ಬಿಳೀ ಬಟ್ಟೆ ಹೊದ್ದುಕೊಂಡು. ಯಾರೋ ದೊರೆಸಾನಿ ಕೂರಲು ಹೋದರೆ ಕೋಲು ದೊರೆ ಕೈ ಅಡ್ಡ ಹಿಡಿದು, ಇದರಲ್ಲಿ ಕೂರೋರು ಇನ್ನೂ ಬರಬೇಕು ಅಂದನಂತೆ. ಖಾಲಿ ಕುರ್ಚಿಯ ಕಡೆ ತಲೆಬಾಗಿದ. ವಾದ್ಯಗಾರರನ್ನು ಹಗ್ಗದ ಕಡೆಗೆ, ನಮ್ಮವರ ಕಡೆಗೆ ತಿರುಗಿಸಿದ. ಅಮ್ಮನ ಹಾಡು ನುಡಿಸಿದ. ಆ ದಿನ ಅದು ಪೇಟೆಯವರೆಗೂ ಕೇಳಿತಂತೆ. ಕೋಲು ದೊರೆ ಈ ಊರಲ್ಲಿದ್ದಷ್ಟು ದಿನವೂ ಹಾಗೇ ಮಾಡಿದನಂತೆ. ಅದಕ್ಕೇ ಅವನನ್ನು ನಾನು ಅರ್ಧ ಕ್ಷಮಿಸಿದ್ದೀನಿ.

ಮದಾರಸಾಬಿ ಆ ಕುರ್ಚಿಯಲ್ಲಿ ಒಂದು ದಿನವಾದರೂ ಕೂತನಾ ಅಂತ ಕೇಳ್ತೀರಿ. ಇಲ್ಲ. ಕೂರಲೇ ಇಲ್ಲ.

ಹಗ್ಗ ಹೋಯಿತು, ದೊರೆಗಳೂ ಹೋದರು. ಮದಾರಸಾಬಿ ಇದ್ದ ನಮ್ಮ ಈ ಪಖಾಲಿ ಗಲ್ಲಿಯಲ್ಲಿ ಮಾತ್ರ ಇವತ್ತಿಗೂ, ಯಾವ ಜಾತಿಯವರ ಮದುವೆಯಾಗಲಿ, ಬ್ಯಾಂಡು ಶುರುವಾಗುವ ಮೊದಲು ಬೀದಿಗೆ ಒಂದು ಬೊಗಸೆ ನೀರು ಚಿಮುಕಿಸ್ತೀವಿ. ಚಪ್ಪರದ ಬಾಯಲ್ಲಿ ಹೋಗೋರು ಬರೋರಿಗೆ ಒಂದು ಕೊಡ ನೀರಿಡ್ತೀವಿ. ಬ್ಯಾಂಡಿನವರ ಮುಂದೆ ಬಿಳೀ ಬಟ್ಟೆ ಹೊದಿಸಿ ಒಂದು ಕುರ್ಚಿ ಹಾಕ್ತೀವಿ. ಅದೋ, ಅಲ್ಲಿದೆಯಲ್ಲ, ಅದೇ. ಗಲ್ಲಿಯವರು ಯಾರೂ ಅದರಲ್ಲಿ ಕೂರೋದಿಲ್ಲ, ಮದುಮಗನೂ ಕೂರೋದಿಲ್ಲ. ಆದರೆ ದಾರಿಯಲ್ಲಿ ಹೋಗುವ ಯಾರಾದರೂ, ಏನೂ ತಿಳಿಯದೆ, ದಣಿದು ಬಂದು ಕೂತುಬಿಟ್ಟರೆ, ಅವರನ್ನು ಏಳಿಸೋದಿಲ್ಲ. ಒಂದು ಲೋಟ ನೀರು ಕೊಟ್ಟು, ಅವರು ಕುಡಿದು ಮುಗಿಸುವವರೆಗೆ ಕಾದು, ಆಮೇಲೆ ಶುರು ಮಾಡಿ ಅಂತ ಬ್ಯಾಂಡಿನವರಿಗೆ ಕೈಸನ್ನೆ ಮಾಡ್ತೀವಿ.