ಎಂಜಲು ನಳಿಕೆ

"ಗುರುಗಳೇ, ಬೆಟ್ಟದ ಸೈಕಲ್ ಸವಾರಿಗೆ ಬೆನ್ನಿಗೆ ಹಾಕಿಕೊಳ್ಳುವ ನೀರಿನ ಚೀಲ ಈಗ ನನ್ನ ಬಳಿ ಇರುವ ಎರಡು ಲೀಟರಿನದೇ ಸಾಕೋ, ಮೂರು ಲೀಟರಿನದು ಬೇಕೋ?" ಎಂದು ಶಿಷ್ಯ ಕೇಳಿದ. "ನಿನ್ನೆ ಬೆಟ್ಟ ಹತ್ತಿಳಿದು ನಾನೇ ಮೊದಲು ಇಲ್ಲಿಗೆ ಬಂದೆ. ಜೊತೆಗೆ ಹೊರಟಿದ್ದ ಬಸವಂತ ಅರ್ಧ ಗಂಟೆ ತಡವಾಗಿ ಬಂದ."

ಗುರುಗಳ ಮುಖ ಗಂಟಿಕ್ಕಿತು. "ಕೂತುಕೋ. ಅಳತೆ ಆಮೇಲೆ ನೋಡೋಣ" ಎಂದು ಹೇಳತೊಡಗಿದರು.

ಒಬ್ಬ ವರ್ತಕ ಇಂಥದೇ ಚೀಲ ಕೊಂಡ. ಕೊಳ್ಳುವುದರಲ್ಲಿ ಜಾಣ. ಎದೆಪಟ್ಟಿ ಬಿಗಿದು ನೋಡಿದ, ಅಂಗಡಿಯಲ್ಲೇ ನೀರು ತುಂಬಿಸಿ ಬಗ್ಗಿ ಎದ್ದು ನೋಡಿದ. ಹೆಗಲ ಮೇಲೆ ಬರುವ ನಳಿಕೆಯನ್ನು ಕಚ್ಚಿ ಹೀರಿದರೆ ನೀರು ಬರುತ್ತದೆ, ಸೈಕಲ್ ನಿಲ್ಲಿಸಬೇಕಾಗಿಲ್ಲ. ಸವಾರಿ ಮುಗಿದ ಮೇಲೆ ನಳಿಕೆಯ ತುದಿಯನ್ನು ಬೆರಳಲ್ಲಿ ಒತ್ತಿ, ಉಳಿದ ನೀರು ಚೆಲ್ಲಿ, ತೊಳೆದು ಒಣಗಿಸುತ್ತಿದ್ದ. ಚೀಲದ ಸೇವೆಯಲ್ಲಿ ಒಂದು ದಿನವೂ ತಪ್ಪಿದವನಲ್ಲ, ಪುಣ್ಯಾತ್ಮ!

ಒಂದು ಬೇಸಿಗೆಯಲ್ಲಿ ಅವನೂ ಒಬ್ಬ ನೇಕಾರನೂ ಜೊತೆಯಾಗಿ ಬೋಳುಬೆಟ್ಟ ಹತ್ತಿದರು. ನೇಕಾರನ ಬಳಿ ಇದ್ದದ್ದು ಒಂದೇ ಬಾಟಲಿ. ಅರ್ಧ ದಾರಿಗೆ ಅದು ಬರಿದಾಯಿತು. ಅವನು ತಲೆ ಸುತ್ತಿ ಕಲ್ಲಿನ ಮೇಲೆ ಕುಸಿದ.

"ಅಣ್ಣಾ, ಒಂದು ಗುಟುಕು ನೀರು."

ಏರು ಇನ್ನೂ ಅರ್ಧ ಇದೆ, ತನಗೆ ಸಾಲದೆ ಹೋದರೆ? ಇದು ವರ್ತಕನ ಒಳಗಿನ ಮಾತು. ಬಾಯಿಗೆ ಬಂದದ್ದೇ ಬೇರೆ.

"ಕೊಡುತ್ತಿದ್ದೆನಪ್ಪಾ. ಆದರೆ ಈ ನಳಿಕೆ ನನ್ನ ಎಂಜಲು. ನಿನಗೆ ಎಂಜಲು ಕುಡಿಸಿದ ಪಾಪ ನನಗೇಕೆ? ಬೆಟ್ಟದಾಚೆ ಬಾವಿ ಇದೆ, ಮೆಲ್ಲಗೆ ಬಾ."

ಹೇಳಿದವನೇ ಸೈಕಲ್ ಏರಿ ಹೊರಟುಬಿಟ್ಟ. ಅವನ ಬೆನ್ನಲ್ಲಿ ನೀರು ತುಳುಕುವ ಸದ್ದು ತಿರುವಿನವರೆಗೂ ನೇಕಾರನಿಗೆ ಕೇಳಿಸಿತು.

ಬಾವಿಯ ಬಳಿ ವರ್ತಕ ಬಹಳ ಹೊತ್ತು ಕಾದ. ನೇಕಾರ ಬರಲಿಲ್ಲ. ಹಿಂದಿರುಗಿ ಹತ್ತಿ ಹೋದಾಗ ಅವನು ಅದೇ ಕಲ್ಲಿಗೆ ಒರಗಿದ್ದ. ಉಸಿರು ನಿಂತಿತ್ತು. ಸತ್ತವರ ಬಾಯಿಗೂ ನೀರು ಬಿಡುವುದು ನಮ್ಮ ರೂಢಿಯಲ್ಲವೇ? ವರ್ತಕ ನಳಿಕೆಯ ತುದಿಯನ್ನು ಬೆರಳಲ್ಲಿ ಒತ್ತಿ, ತುಟಿಗೆ ತಾಗಿಸದೆ, ಮೇಲಿನಿಂದ ಧಾರೆಯಾಗಿ ನೀರು ಬಿಟ್ಟ. ನೀರು ಕೆನ್ನೆಗುಂಟ ಹರಿದು ಮಣ್ಣಿಗಿಳಿಯಿತು. ಹಾಗೆ ಬಿಡಬಹುದೆಂದು ಅವನಿಗೆ ಮೊದಲೇ ಗೊತ್ತಿತ್ತು. ಪ್ರತಿ ಸಲವೂ ಹಾಗೆಯೇ ಚೆಲ್ಲುತ್ತಿದ್ದನಲ್ಲ!

"ಛೆ, ಎಂಥ ಪಾಪಿ! ಅವನೂ ಒಬ್ಬ ಮನುಷ್ಯನೇ?" ಎಂದು ಶಿಷ್ಯ ಸಿಡುಕಿದ.

ಗುರುಗಳು ಕೇಳಿದರು: "ನಿನ್ನೆ ಬಸವಂತ ಬಂದವನೇ ನಲ್ಲಿಗೆ ಬಾಯಿಟ್ಟು ಕುಡಿಯುತ್ತಿದ್ದಾಗ, ನೀನು ಪಕ್ಕದಲ್ಲೇ ನಿಂತು ಚೀಲದಿಂದ ಎಷ್ಟು ನೀರು ಚೆಲ್ಲಿದೆ?"