ಕೊರಳಿನ ಅಳತೆ

ಡೋಣಿ ನದಿಯ ದಂಡೆಯಲ್ಲಿ, ಗೊರವನಾಳ ಊರಿನಿಂದ ಕೂಗಳತೆಯ ದೂರದಲ್ಲಿ, ಜೋಳದ ದಂಟು ಹೊದಿಸಿದ ಒಂದು ಗುಡಿಸಲಿತ್ತು. ಪರಮಪೂಜ್ಯ ಬಾಳಯ್ಯ ಶಿವಯೋಗಿಗಳವರು ತಮ್ಮ ಆಯುಷ್ಯದ ಬಹುಭಾಗವನ್ನು ಆ ಗುಡಿಸಲಿನಲ್ಲಿಯೇ ಕಳೆದರು. ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಮುಂದೆ ಬಂದಾಗಲೆಲ್ಲ ಅವರು ನಕ್ಕು, ಒಣಗಲು ಹಾಕಿದ ಪುಂಡಿನಾರಿನ ಕಡೆಗೆ ಕೈ ತೋರಿಸುತ್ತಿದ್ದರು. ಹಗ್ಗ ಹೊಸೆಯುವುದೇ ಅವರ ಕಾಯಕ, ಅದೇ ಅವರ ಪೂಜೆ. ಬಾವಿಯ ಹಗ್ಗ, ತೊಟ್ಟಿಲಿನ ಹಗ್ಗ, ದನದ ಕೊರಳಿಗೆ ಹಾಕುವ ಕಣ್ಣಿ, ಎಲ್ಲವೂ ಆ ಪವಿತ್ರ ಹಸ್ತಗಳಿಂದ ಆಗುತ್ತಿದ್ದವು.

ಕಣ್ಣಿಯ ವಿಷಯದಲ್ಲಿ ಮಾತ್ರ ಶಿವಯೋಗಿಗಳದು ಒಂದು ಹಟ. ದನದ ಒಡೆಯನೇ ಅದರ ಕೊರಳಿಗೆ ದಾರ ಸುತ್ತಿ ಅಳತೆ ತರಬೇಕು. ಹಾಯುವ ಹೋರಿಯಾದರೂ ಸರಿಯೇ, ಆಳಿನ ಕೈಯಲ್ಲಿ ಅಳತೆ ಕಳಿಸಿದರೆ ಆಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತಿದ್ದರು. “ಕೊರಳ ಮುಟ್ಟಲಾರದವ ಕಟ್ಟಬಾರದು” ಎನ್ನುವುದು ಅವರ ಮಾತು. ಊರಿನ ಗೌಡರೂ ಬೈದುಕೊಳ್ಳುತ್ತಲೇ ಕೊಟ್ಟಿಗೆಗೆ ಇಳಿಯುತ್ತಿದ್ದರು.

ಆ ಕಾಲದಲ್ಲಿ ಗೊರವನಾಳವು ಒಂದು ಸಣ್ಣ ದೇಸಗತಿ. ಕಟ್ಟುವುದು ಬಿಡುವುದು ಎಲ್ಲ ವೀರಸಂಗಪ್ಪ ದೇಸಾಯರ ಕೈಯಲ್ಲಿತ್ತು. ನ್ಯಾಯವಂತರೆಂದು ಹೆಸರಾದವರು. ಅಂಥವರ ಮನೆಗೇ ಸಿಡಿಲು ಬಡಿಯಿತು. ಅವರ ಒಬ್ಬನೇ ಮಗ ಈರಬಸುವನ್ನು ಭೂತಾಳಿ ಎಂಬ ಮನೆಯ ಆಳು, ಮೈಮೇಲಿನ ಬಂಗಾರದ ಆಸೆಗೆ ಬಿದ್ದು, ಕಬ್ಬಿನ ತೋಟದಲ್ಲಿ ಕೊಡಲಿಯಿಂದ ಕಡಿದು ಕೊಂದ. ಸಿಕ್ಕಿಬಿದ್ದ, ಒಪ್ಪಿಕೊಂಡ. ಇದರಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ದೇಸಾಯರು ತುಂಬಿದ ಚಾವಡಿಯಲ್ಲಿ ಕುಳಿತು, ಬರುವ ಸೋಮವಾರ ಅವನನ್ನು ನೇಣಿಗೇರಿಸಬೇಕೆಂದು ತೀರ್ಪು ಕೊಟ್ಟರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಊರೆಲ್ಲ ತಲೆದೂಗಿತು.

ತಲೆದೂಗಿದ ಊರಿಗೆ ಆಮೇಲೆ ಹೆದರಿಕೆ ಹತ್ತಿತು. ನೀರು ಸೇದಿದ ಹಗ್ಗ, ದನ ಕಟ್ಟಿದ ಹಗ್ಗ ಆ ಕೆಲಸಕ್ಕೆ ಬರುವಂತಿಲ್ಲ, ಹೊಸದಾಗಿಯೇ ಹೊಸೆಯಬೇಕು ಎಂಬುದು ದೇಸಗತಿಯ ಕಟ್ಟಳೆ. ಹಗ್ಗದವರ ಓಣಿಯಲ್ಲೋ ಬೇರೆಯೇ ಒಂದು ನಂಬಿಕೆ. ಮನುಷ್ಯನ ಕೊರಳಿಗೆ ಹಗ್ಗ ಹೊಸೆದ ಕೈ ಮತ್ತೆ ತೊಟ್ಟಿಲ ಹಗ್ಗ ಹೊಸೆಯಬಾರದು, ಹೊಸೆದರೆ ಆ ತೊಟ್ಟಿಲು ಬರಿದಾಗುತ್ತದೆ. ಹೀಗಾಗಿ ದೇಸಾಯರ ಕಾರಭಾರಿ ಓಣಿಗೆ ಹೋದ ದಿನ ಊರಿನ ಹಗ್ಗದವರಿಗೆಲ್ಲ ಒಟ್ಟಿಗೇ ಕೈನೋವು ಬಂತು. ನೇಣು ಬೇಕೆಂದು ಕೂಗಿದವರಲ್ಲಿ ಅವರೂ ಇದ್ದರು, ಆ ಮಾತು ಬೇರೆ.

ಕೊನೆಗೆ ದೇಸಾಯರು ತಾವೇ ನದಿಯ ದಂಡೆಗೆ ಬಂದರು. ಶಿವಯೋಗಿಗಳು ನಾರು ಬಿಡಿಸುತ್ತ ಕುಳಿತಿದ್ದರು. ದೇಸಾಯರು ಅಡ್ಡಬಿದ್ದು ಬಂದ ಕೆಲಸ ಹೇಳಿಕೊಂಡರು. ಶಿವಯೋಗಿಗಳ ಕೈ ನಾರು ಬಿಡಿಸುತ್ತಲೇ ಇತ್ತು. ದೇಸಾಯರಿಗೆ ತಡೆಯಲಾಗಲಿಲ್ಲ.

“ಅಪ್ಪಾವರ, ನಾ ಹೇಳಿದ್ದು ತಪ್ಪೇನ್ರಿ? ಕೊಂದವನ್ನ ಹಂಗ ಬಿಟ್ರ ನಾಳೆ ಇನ್ನೊಬ್ಬ ಕೊಡ್ಲಿ ಎತ್ತತಾನ. ಮಂದಿಗೆ ಭಯ ಅನ್ನೂದು ಬೇಕಲ್ರಿ?”

“ಬೇಕು” ಎಂದರು ಶಿವಯೋಗಿಗಳು. “ಹೊಸಿತೀನಿ. ಕೊರಳಿನ ಅಳತೆ ತಗೊಂಡ ಬಾ.”

ಕಾರಭಾರಿಯನ್ನು ಕಳಿಸುತ್ತೇನೆ ಎನ್ನಲು ಹೋದ ದೇಸಾಯರು ಆ ಮುಖ ನೋಡಿ ತಾವೇ ಕೈ ಚಾಚಿದರು. ಶಿವಯೋಗಿಗಳು ನೂಲಿನ ಎಳೆಯೊಂದನ್ನು ಹರಿದು ಅವರ ಅಂಗೈಯಲ್ಲಿಟ್ಟರು.

ದೇಸಾಯರ ವಾಡೆಯ ಕಾವಲುಗೋಪುರದ ಬುಡದಲ್ಲಿ ಒಂದು ಕತ್ತಲೆಯ ಕೋಣೆ. ಭೂತಾಳಿಯನ್ನು ಅಲ್ಲಿ ಸರಪಳಿಯಿಂದ ಕಲ್ಲುಕಂಬಕ್ಕೆ ಬಿಗಿದಿದ್ದರು. ಹಗಲಿನಲ್ಲಿ ಅಗಳಿ ಸರಿದ ಸಪ್ಪಳ ಕೇಳಿ, ತನ್ನ ದಿನ ಬಂತೆಂದೇ ಅವನು ತಿಳಿದ. ಗೋಡೆಯೊಳಗೆ ಹೊಕ್ಕುಬಿಡುವವನಂತೆ ಬೆನ್ನು ಒತ್ತಿದ. ಉಟ್ಟ ಧೋತರ ಒದ್ದೆಯಾಯಿತು. ದೇಸಾಯರು ಕಾವಲಿನವನನ್ನು ಹೊರಗೆ ನಿಲ್ಲಿಸಿ ಒಬ್ಬರೇ ಒಳಗೆ ಹೋದರು. ತಮ್ಮ ಮಗನನ್ನು ಕೊಂದವನ ಇಷ್ಟು ಹತ್ತಿರಕ್ಕೆ ಅವರು ಬಂದದ್ದು ಅದೇ ಮೊದಲು.

“ಕೊರಳೆತ್ತು” ಎಂದರು.

ಅವನು ಕ್ಷೌರಕ್ಕೆ ಕುಳಿತವನಂತೆ ಗದ್ದ ಎತ್ತಿದ. ದೇಸಾಯರು ನೂಲು ಸುತ್ತಿದರು. ಕೊರಳು ಸುಡುತ್ತಿತ್ತು. ಅವರ ಹೆಬ್ಬೆರಳಿನ ಕೆಳಗೆ ಒಂದು ನರ ಪಟಪಟನೆ ಹೊಡೆದುಕೊಳ್ಳುತ್ತಿತ್ತು, ಈಚೆ ಹಾರಿ ಬಿಡುತ್ತದೆಯೋ ಎಂಬಂತೆ. ಅಳತೆ ಆಗಿಹೋಗಿತ್ತು, ಕೈ ತೆಗೆಯಬಹುದಿತ್ತು. ತೆಗೆಯಲಿಲ್ಲ.

“ಈರಬಸು ಕಡೀಕ ಏನಂದ?” ಎಂದು ಕೇಳಿದರು.

ಭೂತಾಳಿ ಕಣ್ಣು ಮುಚ್ಚಿಕೊಂಡ. “ಕಾಕಾ, ಬ್ಯಾಡೋ ಅಂದ್ರು.”

“ನಿನಗ ಕೇಳಿಸ್ತೇನು?”

“ಕೇಳಿಸ್ತ್ರಿ ದಣೇರ. ಕೇಳಿಸಿದ್ರೂ ಕೈ ನಿಂದರಲಿಲ್ಲ.”

ದೇಸಾಯರ ಕಣ್ಣು ಕತ್ತಲೆಗೂಡಿತು. ನೂಲು ಯಾವಾಗ ಬಿಗಿಯಿತೋ ಅವರಿಗೇ ತಿಳಿಯದು. “ಒಂಚೂರು ಸಡ್ಲ ಹಿಡೀರಿ, ಉಸಿರು ಕಟ್ಟತೈತ್ರಿ” ಎಂಬ ಗೊಗ್ಗರ ದನಿ ಕೇಳಿದಾಗ ಎಚ್ಚರಾದರು. ಬೆರಳು ತಾನಾಗಿ ಸಡಿಲಾಯಿತು. ಆದರೆ ಅದೇ ಬೆರಳು, ಇನ್ನೊಂದು ಸ್ವಲ್ಪ ಎಳೆ, ಯಾರಿದ್ದಾರೆ ಇಲ್ಲಿ ನೋಡಲು, ಎಂದೂ ಹೇಳುತ್ತಿತ್ತು. ಹೇಳುತ್ತಿದ್ದುದನ್ನು ಅವರು ಸ್ಪಷ್ಟವಾಗಿ ಕೇಳಿದರು. ದೇಸಾಯರು ರಣ ಕಂಡವರು, ಹುಲಿ ಬೇಟೆಯಾಡಿದವರು. ಆ ಕೋಣೆಯಲ್ಲಿ ತಮ್ಮ ಎರಡು ಕೈಗಳನ್ನು ಕಂಡು ಅಂಜಿದಷ್ಟು ಹುಟ್ಟಿದಾರಭ್ಯ ಅವರು ಯಾವುದಕ್ಕೂ ಅಂಜಿರಲಿಲ್ಲ. ಅಳತೆಯ ಜಾಗಕ್ಕೆ ಗಂಟು ಹಾಕಿ ಹೊರಗೆ ಬಂದರು.

“ಯಾವತ್ತು ರೀ ದಣೇರ?” ಎಂದು ಭೂತಾಳಿ ಹಿಂದಿನಿಂದ ಕೇಳಿದ. ದೇಸಾಯರು ತಾವೇ ಅಗಳಿ ಎಳೆದು ನದಿಯ ಕಡೆಗೆ ನಡೆದರು.

ಅವರು ಮರಳಿ ಬರುವಷ್ಟರಲ್ಲಿ ಶಿವಯೋಗಿಗಳು ಎಳೆ ಕೂಡಿಸಿ, ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಬೇವಿನ ನೆರಳಿನಲ್ಲಿ ನಿಂತಿದ್ದರು. ದೇಸಾಯರು ಗಂಟು ಹಾಕಿದ ನೂಲನ್ನು ಮುಂದೆ ಹಿಡಿದರು. ಶಿವಯೋಗಿಗಳು ಅದನ್ನು ಕಣ್ಣಿಗೆ ಒತ್ತಿಕೊಂಡರಂತೆ. ಕೊಲೆಗಾರನ ಕೊರಳಿನ ಅಳತೆಯನ್ನು ಆ ಮಹಾತ್ಮರು ಏಕೆ ಕಣ್ಣಿಗೆ ಒತ್ತಿಕೊಂಡರೋ ನಾನು ಅರಿಯೆ, ಹಿರಿಯರು ಹೇಳಿದ್ದನ್ನು ಹೇಳಿದ್ದೇನೆ. ಆಮೇಲೆ ಎಳೆಗಳ ಇನ್ನೊಂದು ತುದಿಯನ್ನು ದೇಸಾಯರ ಕೈಗೆ ಕೊಟ್ಟರು.

“ಹಗ್ಗ ಒಬ್ಬನ ಕೈಲೆ ಆಗೂದಲ್ಲ. ನೀ ತುದಿ ಹಿಡಿ. ಹೊಸಿ ಅನ್ನು, ಹೊಸಿತೀನಿ.”

ಹೊಸಿ ಎಂಬ ಎರಡಕ್ಷರ. ತುಂಬಿದ ಚಾವಡಿಯಲ್ಲಿ ನೇಣಿನ ತೀರ್ಪು ಓದಿದ ಬಾಯಿಗೆ ಅದು ದೊಡ್ಡದಾಗಬಾರದಿತ್ತು. ದೇಸಾಯರ ಹಲ್ಲು ಕಟಕಟ ಅನ್ನತೊಡಗಿದವು.

“ಅಪ್ಪಾವರ, ಅಂಜಿಕಿ ಬರಾಕತ್ತೈತ್ರಿ” ಎಂದರು. “ಅವನ ಅಂಜಿಕಿ ಅಲ್ರಿ. ನನ್ನ ಕೈದು ನನಗ ಅಂಜಿಕಿ.”

ಆಗ ಶಿವಯೋಗಿಗಳವರು ಅಪ್ಪಣೆ ಕೊಡಿಸಿದ ಮಾತು ಇದು: “ಭಯ ಬೇಕು ಅಂದೆಲ್ಲ, ಖರೆ ಐತಿ. ಕೊಲ್ಲೂ ಕೈಗೆ ಭಯ ಬೇಕು. ಅವನ ಕೈಗೆ ಅವತ್ತು ಬರಲಿಲ್ಲ. ನಿನ್ನ ಕೈಗೆ ಇವತ್ತು ಬಂದೈತಿ. ಅದನ್ನ ಕಳಕೋಬ್ಯಾಡ.”

ದೇಸಾಯರು ಹಿಡಿದ ತುದಿಯನ್ನು ಬಿಟ್ಟುಬಿಟ್ಟರು. ನಾರು ನೆಲದ ಮೇಲೆ ಹರಡಿ ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ಒಂದು ಮಾತು ಹೊಳೆದು, ಅಳುಕುತ್ತಲೇ ಕೇಳಿದರು. “ನಾ ಹೊಸಿ ಅಂದಿದ್ರ?”

“ಮಾತು ಕೊಟ್ಟಿದ್ದೆ. ಹೊಸಿತಿದ್ದೆ” ಎಂದರು ಶಿವಯೋಗಿಗಳು. “ಇವತ್ತಿಗೆ ನನ್ನ ಕಾಯಕ ಮುಗೀತಿತ್ತು.”

ಇದನ್ನು ನೆನೆದಾಗಲೆಲ್ಲ ನನ್ನ ಮೈ ಝುಮ್ಮೆನ್ನುತ್ತದೆ. ಇನ್ನೊಬ್ಬನ ಕೈಗೆ ಭಯ ಬರಲೆಂದು ಆ ಕರುಣಾಳುಗಳು ತಮ್ಮ ಪೂಜೆಯನ್ನೇ ಪಣಕ್ಕೆ ಇಟ್ಟು ನಿಂತಿದ್ದರು. ಶಿವಯೋಗಿಗಳು ಕೊಲೆಗಾರನ ಪಕ್ಷ ವಹಿಸಿದರೆಂದು ಇಂದಿಗೂ ಮೂಗು ಮುರಿಯುವವರಿದ್ದಾರೆ. ಅವರು ಒಂದು ನೂಲು ತೆಗೆದುಕೊಂಡು ಒಂದು ಜೀವಂತ ಕೊರಳನ್ನು ಅಳೆದು ಬರಲಿ, ಆಮೇಲೆ ಕುಳಿತು ಮಾತಾಡೋಣ. ಭೂತಾಳಿಯನ್ನು ಯಾರೂ ಮನೆಗೆ ಕಳಿಸಲಿಲ್ಲ. ಇರುವಷ್ಟು ಕಾಲ ಆ ಕೋಣೆಯೇ ಅವನ ಗತಿಯಾಯಿತು.

ದೇಸಾಯರಿಗೆ ಇನ್ನೊಂದು ಅಂಜಿಕೆ ಉಳಿದಿತ್ತು. ಅದು ಮನೆಯಲ್ಲಿತ್ತು. ಅವರು ವಾಡೆಗೆ ಬಂದಾಗ ಹೆಂಡತಿ ಶಿವಗಂಗವ್ವ ಪಡಸಾಲೆಯಲ್ಲಿ ದಾರಿ ಕಾಯುತ್ತ ನಿಂತಿದ್ದಳು.

“ಹಗ್ಗ ಆತೇನ್ರಿ?”

“ಇಲ್ಲ. ಆಗೂದಿಲ್ಲ.”

ಆಕೆ ಗಂಡನ ಮುಖವನ್ನು ದಿಟ್ಟಿಸಿ ನೋಡಿದಳು. “ಹಂಗಾದ್ರ ನನ್ನ ಮಗ ಸತ್ತದ್ದಕ್ಕ ಏನೂ ಇಲ್ಲೇನು? ನಾ ಅವನ್ನ ಕ್ಷಮಿಸಾಕಿ ಅಲ್ಲ.”

“ಬ್ಯಾಡ. ನಾನೂ ಕ್ಷಮಿಸಿಲ್ಲ” ಎಂದರು ದೇಸಾಯರು. “ಕೊಲ್ಲಾಕ ಆಗಲಿಲ್ಲ, ಅಷ್ಟ. ಭೂತಾಳಿ ಸತ್ತ ದಿನ ನನ್ನ ಎದಿ ಹಗುರ ಆಕ್ಕೈತಿ ಅಂತ ಕಾಯಾಕತ್ತಿದ್ದೆ, ಗಂಗಾ. ಸೋಮವಾರ ಬರಲಿ, ಸೋಮವಾರ ಬರಲಿ ಅಂತ. ನಮ್ಮ ಕೂಸು, ಕಾಕಾ ಬ್ಯಾಡೋ, ಅಂದಿತ್ತಂತ.”

ಮಗ ತೀರಿದ ದಿನದಿಂದ ದೇಸಾಯರು ಅತ್ತಿರಲಿಲ್ಲ. ಹೆಣ ಎತ್ತುವಾಗಲೂ ಅತ್ತಿರಲಿಲ್ಲ. ಅಪರಾಧಿ ಸಿಕ್ಕಬೇಕು, ತೀರ್ಪು ಆಗಬೇಕು, ಹಗ್ಗ ಆಗಬೇಕು ಎಂದು ಅಳುವನ್ನು ದಿನದಿಂದ ದಿನಕ್ಕೆ ಮುಂದೂಡುತ್ತ ಬಂದಿದ್ದರು. ಈಗ ಮುಂದೂಡಲು ಯಾವ ದಿನವೂ ಇರಲಿಲ್ಲ. ಆಳುಕಾಳು ನೋಡುತ್ತಿದ್ದಂತೆಯೇ ಅವರು ಪಡಸಾಲೆಯ ನೆಲದ ಮೇಲೆ ಕುಸಿದು, ಮಗನ ಹೆಸರು ಹಿಡಿದು ಗೊಳೋ ಎಂದು ಅತ್ತರು. ಶಿವಗಂಗವ್ವ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಗಂಡನ ಪಕ್ಕದಲ್ಲಿ ಕುಳಿತು, ಅವರ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.