ಅತ್ತಿಮರದ ಕೆಳಗಿನ ಐದು ಬಿಲ

ಒಂದು ಕಾಡಿನಲ್ಲಿ, ಎತ್ತರದ ದಿಣ್ಣೆಯ ಮೇಲೆ ಸೂಜಕ್ಕ ಎಂಬ ಮುಳ್ಳುಹಂದಿ ಇದ್ದಳು. ಅವಳಿಗೆ ಎರಡು ಬಿಲಗಳಿದ್ದವು. ಎರಡನ್ನೂ ಅವಳೇ ತೋಡಿದ್ದು. ಒಂದರಲ್ಲಿ ತಾನಿದ್ದು, ಇನ್ನೊಂದನ್ನು ಮೊಲದ ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದಳು. ಮೊಲ ವಾರಕ್ಕೊಮ್ಮೆ ಒಂದು ಹೊರೆ ಗೆಡ್ಡೆ ತಂದು ಅವಳ ಬಾಗಿಲಲ್ಲಿ ಇಡುತ್ತಿತ್ತು. ಹೊಟ್ಟೆಗೇನೂ ಕೊರತೆಯಿರಲಿಲ್ಲ. ಆದರೂ ಸೂಜಕ್ಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎರಡು ನಾಲ್ಕಾದರೆ? ನಾಲ್ಕು ಎಂಟಾದರೆ? ದಿಣ್ಣೆಯ ಈ ತುದಿಯಿಂದ ಆ ತುದಿಗೆ ಸುಮ್ಮನೆ ಓಡಾಡುತ್ತಿದ್ದಳು.

ಈ ಚಡಪಡಿಕೆ ನರಿಯ ಕಣ್ಣಿಗೆ ಬಿತ್ತು.

"ಅಕ್ಕಾ, ಹಳ್ಳದ ಪಕ್ಕ, ಅತ್ತಿಮರದ ಕೆಳಗೆ ನನ್ನವು ಐದು ಬಿಲ ಇವೆ. ನಿನ್ನ ಬಾಡಿಗೆ ಬಿಲ ಖಾಲಿ ಮಾಡಿಸಿ ಕೊಡು, ಐದನ್ನೂ ತಗೋ," ಎಂದಿತು ನರಿ.

"ಒಂದಕ್ಕೆ ಐದಾ? ಇದರಲ್ಲಿ ನಿನಗೇನು ಲಾಭ ನರಿಯಣ್ಣಾ?"

"ನನಗೂ ವಯಸ್ಸಾಯ್ತು. ಅಷ್ಟೆಲ್ಲ ನೋಡ್ಕೊಳ್ಳೋಕೆ ಆಗಲ್ಲ. ಬಾ, ಕಣ್ಣಾರೆ ನೋಡು."

ಅತ್ತಿಮರ ಹಣ್ಣಿನ ಭಾರಕ್ಕೆ ಜಗ್ಗಿತ್ತು. ಕೆಳಗೆ ಜಿಂಕೆಗಳು, ಮೇಲೆ ಕರಿಮುಖದ ಮುಸುವಗಳು, ಕೊಂಬೆ ಕೊಂಬೆಯಲ್ಲೂ ಹಕ್ಕಿಗಳು. ಕಾಲಿಡಲು ಜಾಗವಿರಲಿಲ್ಲ.

"ನೋಡಿದೆಯಾ? ಇವರೆಲ್ಲ ಬಿಲ ಬೇಕು ಅಂತ ನನ್ನ ಪ್ರಾಣ ತಿಂತಾರೆ. ಆದರೆ ಸಂಜೆಯೊಳಗೆ ಹೇಳಿಬಿಡು. ಕಾಡುಹಂದಿಯೂ ಕೇಳ್ತಾ ಇದೆ!"

ಸೂಜಕ್ಕನ ತಲೆ ಗಿರ್ರೆಂದಿತು. ಓಡೋಡಿ ಬಂದು, ಸಂಜೆಯೊಳಗೆ ಬಿಲ ಬಿಡಬೇಕು ಎಂದು ಮೊಲಕ್ಕೆ ಹೇಳಿಬಿಟ್ಟಳು.

"ಮರಿಗಳಿಗೆ ಇನ್ನೂ ಓಡೋಕೇ ಬರಲ್ಲ ಅಕ್ಕಾ. ಎಲ್ಲಿಗೆ ಕರ್ಕೊಂಡು ಹೋಗಲಿ?" ಎಂದಿತು ಮೊಲ.

ಸೂಜಕ್ಕ ತನ್ನ ಬಿಲಕ್ಕೆ ಹೋದಳು. ಮಲಗಿದಳು, ಎದ್ದಳು, ಮತ್ತೆ ಮಲಗಿದಳು. ಕೊನೆಗೆ ತಡೆಯಲಾರದೆ, ನರಿಗೆ ಹೇಳದೆ, ಒಬ್ಬಳೇ ಅತ್ತಿಮರದ ಹತ್ತಿರ ಹೋದಳು.

"ನಿನಗೆ ಯಾವ ಬಿಲ ಬೇಕಪ್ಪಾ?" ಎಂದು ಒಂದು ಮುಸುವವನ್ನು ಕೇಳಿದಳು.

ಮುಸುವ ಬಿದ್ದು ಬಿದ್ದು ನಕ್ಕಿತು. "ಮರದ ಮೇಲಿರೋ ನನಗೆ ಬಿಲ ಯಾಕಕ್ಕಾ? ಬಯಲಲ್ಲಿ ಮಲಗೋ ಜಿಂಕೆಗೆ ತಾನೇ ಯಾಕೆ? ನಾವೆಲ್ಲ ಬಂದಿರೋದು ಹಣ್ಣಿಗೆ. ನಾಲ್ಕು ದಿನ ಕಳೆದರೆ ಇಲ್ಲಿ ಒಂದು ನೊಣವೂ ಇರಲ್ಲ. ಮಳೆಗಾಲದಲ್ಲಂತೂ ಹಳ್ಳ ಉಕ್ಕಿ ಐದೂ ಬಿಲ ಮುಳುಗುತ್ತವೆ. ಪ್ರತಿ ವರ್ಷ ಮೇಲಿಂದ ನೋಡ್ತೀನಲ್ಲ!"

ಸೂಜಕ್ಕನಿಗೆ ನಾಚಿಕೆಯಾಯಿತು. ಜಿಂಕೆ ಬಿಲದಲ್ಲಿ ಬಾಡಿಗೆಗೆ ಇರುತ್ತದೆಂದು ನಂಬಿದೆನಲ್ಲ! ದಿಣ್ಣೆಯ ಕಡೆ ಓಡಿದಳು. ಮೊಲ ಆಗಲೇ ಮರಿಗಳನ್ನು ಹೊರಗೆ ತಂದಿತ್ತು.

"ಒಳಗೆ ಹೋಗು ತಾಯಿ, ನನ್ನದು ತಪ್ಪಾಯ್ತು," ಎನ್ನುವಷ್ಟರಲ್ಲಿ ನರಿ ಬಂತು. ಅದರ ಹಿಂದೆ ಒಂದು ಕತ್ತೆಕಿರುಬ.

"ಖಾಲಿ ಆಯ್ತಾ ಅಕ್ಕಾ?"

"ಇಲ್ಲ. ಆಗೋದೂ ಇಲ್ಲ. ನಿನ್ನ ಐದು ಬಿಲ ನೀನೇ ಇಟ್ಕೋ!" ಸೂಜಕ್ಕ ಮುಳ್ಳು ನಿಮಿರಿಸಿ ಬಾಗಿಲಿಗೆ ಅಡ್ಡ ನಿಂತಳು.

ಕತ್ತೆಕಿರುಬ ನರಿಯ ಕಡೆ ತಿರುಗಿತು. "ಏನೋ, ದಿಣ್ಣೆ ಮೇಲಿನ ಬಿಲ ನಂದು, ನಿನಗೆ ಕೊಡ್ತೀನಿ ಅಂತ ಹೇಳಿ ನನ್ನ ಬೇಟೆ ಪೂರ್ತಿ ತಿಂದು ಮುಗಿಸಿದೆಯಲ್ಲೋ!"

"ಅದು... ಇನ್ನೂ ನನ್ನದಾಗಿಲ್ಲ ಅಣ್ಣಾ..."

"ಹಾಗಾದರೆ ನಿನ್ನದಾಗಿರೋದನ್ನೇ ಕೊಡು."

ಬಂಡೆಯಡಿ ನರಿಗಿದ್ದ ಬೆಚ್ಚನೆಯ ಗವಿಯನ್ನು ಕತ್ತೆಕಿರುಬ ಅವತ್ತೇ ಸೇರಿಕೊಂಡಿತು.

ಹಣ್ಣು ಮುಗಿಯಿತು. ಜಿಂಕೆ, ಮುಸುವ ಯಾರೂ ಅತ್ತ ಸುಳಿಯಲಿಲ್ಲ. ದಿಣ್ಣೆಯ ಮೇಲೆ ಸೂಜಕ್ಕ ಮೊಲದ ಬಿಲದ ಪಕ್ಕದಲ್ಲೇ ಮೂರನೆಯದನ್ನು ನಿಧಾನವಾಗಿ ತೋಡತೊಡಗಿದಳು. ಆಮೇಲೆ ಮಳೆ ಹಿಡಿಯಿತು. ನರಿ ಅತ್ತಿಮರದ ಕೆಳಗೆ ಒಂದು ಬಿಲದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಒದ್ದೆ ಬಾಲ ಎಳೆದುಕೊಂಡು ಓಡಿತು. ಐದರಲ್ಲೂ ನೀರಿತ್ತು.

ನೀತಿ: ಜಾಗ ಕೊಳ್ಳುವಾಗ ಮಾರುವವನ ಅವಸರಕ್ಕೆ ಬೀಳದೆ, ಆ ಜಾಗವನ್ನು ಎಲ್ಲ ಕಾಲದಲ್ಲೂ ಕಂಡವರನ್ನು ಕೇಳಬೇಕು, ತನ್ನದಲ್ಲದ್ದನ್ನು ಮಾರಲು ಹೋದವನು ತನ್ನದನ್ನೂ ಕಳೆದುಕೊಳ್ಳುತ್ತಾನೆ.